ನಕ್ಷೆಯ ಅಂಚು ದಾಟಿದ ಹುಡುಗರನ್ನು ಬೈಯಬೇಡಿ

ವಾಚನಾಲಯದ ಕಂಪ್ಯೂಟರಿನಿಂದ ಗೇಮ್ ತೆಗೆಸಿಬಿಡಬೇಕು ಎಂದು ನಮ್ಮೂರ ಕೆಲವು ಹಿರಿಯರು ಪಟ್ಟು ಹಿಡಿದಿದ್ದಾರೆ. ಇದು ಓದಲಿಕ್ಕೆ ಕಟ್ಟಿದ ಕೋಣೆ, ಆಡಲಿಕ್ಕಲ್ಲ. ದಾನಿಗಳು ಕೊಟ್ಟ ಕಂಪ್ಯೂಟರ್ ಮುಂದೆ ಹುಡುಗರು ಸಂಜೆಯೆಲ್ಲ ಕುಂತು ಕೆಡ್ತಾರೆ. ಕರೆಂಟು ಬಿಲ್ಲು ಯಾರು ಕಟ್ಟಬೇಕು? ಇದು ಅವರ ವಾದ. ಮೆತ್ತಗೆ ಮಾತಾಡುವ ಸ್ವಭಾವ ನನ್ನದಲ್ಲ, ಆದ್ದರಿಂದ ನೇರವಾಗಿ ಹೇಳುತ್ತೇನೆ. ಆ ಗೇಮ್ ತೆಗೆದ ದಿನ ನಮ್ಮ ವಾಚನಾಲಯದಲ್ಲಿ ನಡೆಯುವ ಓದಿನಲ್ಲಿ ಅರ್ಧ ನಿಂತುಹೋಗುತ್ತದೆ. ಪೇಪರ್ ತಿರುವಿ, ಆದೋನಿ ಯಾರ್ಡಿನ ಹತ್ತಿ ರೇಟು ನೋಡಿ, ರಾಶಿಫಲ ನೋಡಿ, ಚಾ ಕುಡಿಯಲು ಎದ್ದು ಹೋಗುವ ನಮ್ಮ ಓದಿಗಿಂತ ಆ ಹುಡುಗರ ಓದು ಗಟ್ಟಿ.

ಮೊದಲು ಒಂದು ಕಲಸುಮೇಲೋಗರ ಬಿಡಿಸಬೇಕು. ಹಿರಿಯರ ಬಾಯಲ್ಲಿ ‘ಗೇಮ್’ ಅಂದರೆ ಎಲ್ಲಾ ಒಂದೇ. ರಮ್ಮಿ ಆಡಿ ಹೊಲ ಒತ್ತೆ ಇಟ್ಟವನೂ ಗೇಮ್ ಆಡಿದ, ಸಂಜೆ ಒಂದು ತಾಸು ವಾಚನಾಲಯದಲ್ಲಿ ಕುಂತ ಎಂಟನೇ ಕ್ಲಾಸಿನ ಹುಡುಗನೂ ಗೇಮ್ ಆಡಿದ. ಹೀಗೆ ಅನ್ನುವುದು ಸಾರಾಯಿಯನ್ನೂ ಮಜ್ಜಿಗೆಯನ್ನೂ ‘ಕುಡಿಯೋದು’ ಅಂತ ಒಂದೇ ಸಾಲಿಗೆ ನಿಲ್ಲಿಸಿದಂತೆ. ದುಡ್ಡು ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ಆಂಧ್ರ ಸರ್ಕಾರ 2020ರಲ್ಲೇ ನಿಷೇಧಿಸಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾನೂನೂ ಬಂತು. ಆ ಆಟಗಳ ಮೇಲೆ ನನಗೂ ಹಿರಿಯರಷ್ಟೇ ಸಿಟ್ಟು ಐತಿ. ಆದರೆ ಆ ಸಿಟ್ಟನ್ನು ತಂದು ಇಲ್ಲಿ ಇಳಿಸಬಾರದು. ನಮ್ಮ ಕಂಪ್ಯೂಟರಿನಲ್ಲಿರುವ ಗೇಮಿನಲ್ಲಿ ಒಂದು ಪೈಸೆ ಪಣ ಇಲ್ಲ, ಇಂಟರ್‌ನೆಟ್ಟೂ ಬೇಕಿಲ್ಲ.

ಆ ಗೇಮಿನ ಹೆಸರು ಮೊರೋವಿಂಡ್. ಅಮೆರಿಕದ ಬೆಥೆಸ್ಡಾ ಎಂಬ ಕಂಪನಿ 2002ರಲ್ಲಿ ಹೊರತಂದದ್ದು. ಇಪ್ಪತ್ತು ವರ್ಷಕ್ಕಿಂತ ಹಳೆಯದು, ಅದಕ್ಕೇ ನಮ್ಮ ಮುದಿ ಕಂಪ್ಯೂಟರಿನಲ್ಲೂ ಕೆಮ್ಮದೆ ಓಡುತ್ತದೆ. ಕದ್ದ ಪ್ರತಿಯಲ್ಲ, ರಿಯಾಯಿತಿ ಸಿಕ್ಕಾಗ ದುಡ್ಡು ಕೂಡಿಸಿ ಕೊಂಡದ್ದು. ಕಥೆ ನಡೆಯುವುದು ವಾರ್ಡನ್‌ಫೆಲ್ ಎಂಬ ದ್ವೀಪದಲ್ಲಿ. ನಡುವೆ ಬೂದಿ ಉಗುಳುವ ಕೆಂಪು ಬೆಟ್ಟ, ಸುತ್ತ ಊರು, ಹೊಲ, ಗವಿ, ಗುಡಿ. ಒಬ್ಬ ಪರದೇಶಿ ಕೈದಿಯಾಗಿ ದೋಣಿಯಿಂದ ಇಳಿಯುತ್ತಾನೆ, ಅವನೇ ನೀವು. ಆಮೇಲೆ ಎಲ್ಲಿಗೆ ಹೋಗುತ್ತೀರಿ, ಯಾರ ಕೆಲಸ ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಈ ಗೇಮಿನಲ್ಲಿ ಹೆಚ್ಚಿನ ಹೊತ್ತು ಓದಬೇಕು. ಮಂದಿ ಬಾಯಿಬಿಟ್ಟು ಮಾತಾಡುವುದು ಕಮ್ಮಿ. ಅವರ ಮಾತು ಅಕ್ಷರವಾಗಿ ಬರುತ್ತದೆ. ಕಪಾಟುಗಳಲ್ಲಿ ಪುಸ್ತಕಗಳಿವೆ, ತೆರೆದರೆ ನಿಜವಾಗಿ ಓದಬಹುದು. ಈಗಿನ ಗೇಮುಗಳಂತೆ ‘ಇಲ್ಲಿಗೆ ಹೋಗು’ ಎಂದು ಬಾಣದ ಗುರುತು ತೋರಿಸುವುದಿಲ್ಲ. ಯಾರೋ ಒಬ್ಬ ದಾರಿ ಹೇಳುತ್ತಾನೆ: ಊರ ಬಾಗಿಲಿನಿಂದ ದಕ್ಷಿಣಕ್ಕೆ ನಡಿ, ಸೇತುವೆ ಸಿಗ್ತದ, ದಾಟಬ್ಯಾಡ, ಹೊಳೆಯ ಎಡದಂಡೆ ಹಿಡಿ, ಎರಡು ಬಂಡೆಯ ನಡುವೆ ಕಾಲುದಾರಿ. ನಮ್ಮ ಕಡೆ ದಾರಿ ಹೇಳುವ ರೀತಿಯೇ ಅಲ್ಲವೇ ಇದು? ಒಂದು ಶಬ್ದ ತಪ್ಪಿ ತಿಳಿದರೆ ಹುಡುಗ ಬೂದಿಗಾಳಿಯಲ್ಲಿ ಅರ್ಧ ತಾಸು ಅಲೆಯುತ್ತಾನೆ. ‘ಅಪ್‌ಸ್ಟ್ರೀಮ್ ಅಂದರೆ ಏನು ಸಾರ್?’ ಎಂದು ಒಬ್ಬ ಹುಡುಗ ಬಂದು ನನ್ನನ್ನು ಕೇಳಿದ. ಪರೀಕ್ಷೆಗಾಗಿ ಯಾವ ಹುಡುಗನೂ ಹೀಗೆ ಓಡಿಬಂದು ಒಂದು ಶಬ್ದದ ಅರ್ಥ ಕೇಳಿದ್ದನ್ನು ನಾನು ಕಂಡಿಲ್ಲ. ಹೊಳೆ ಬರುವ ದಿಕ್ಕಿಗೆ, ಮೇಲಕ್ಕೆ ಅಂದೆ. ಅವನು ಕುರ್ಚಿಗೆ ವಾಪಸ್ ಓಡಿದ.

ಆ ಹುಡುಗನ ವಿಷಯ ಇನ್ನೊಂದು ಮಾತು ಹೇಳಬೇಕು. ಸುಗ್ಗಿಗೆ ಹೋಗುವ ಮನೆಯ ಹುಡುಗ. ಸುಗ್ಗಿ ಅಂದರೆ ಸಂಭ್ರಮದ ಹಬ್ಬ ಎಂದುಕೊಳ್ಳುವವರು ಬೇರೆ ಸೀಮೆಯವರು. ನಮ್ಮ ಕೋಸಿಗಿ, ಕೌತಾಳಂ, ಹೊಳಗುಂದದ ಕಡೆ ಸುಗ್ಗಿಗೆ ಹೋಗೋದು ಅಂದರೆ ಮನೆಗೆ ಬೀಗ ಹಾಕಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗೋದು. ತಿಂಗಳುಗಟ್ಟಲೆ ಶಾಲೆ ತಪ್ಪುತ್ತದೆ. ಬಂದ ಮೇಲೆ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ, ಹುಡುಗ ಹಿಂದಿನ ಬೆಂಚಿನಲ್ಲಿ ಕಲ್ಲಾಗಿ ಕುಂತಿರುತ್ತಾನೆ. ಗೇಮಿಗೆ ಮಾತ್ರ ಅವನು ಎಷ್ಟು ದಿನ ಬಿಟ್ಟುಹೋದ ಎಂಬ ಲೆಕ್ಕವಿಲ್ಲ. ನಿಲ್ಲಿಸಿದ ಕಡೆ ಕಾದಿರುತ್ತದೆ. ಅಲ್ಲಿ ಅವನು ಹಿಂದುಳಿದವನಲ್ಲ, ಉಳಿದವರಿಗೆ ದಾರಿ ತೋರಿಸುವವನು. ಇಂಥ ಹುಡುಗನ ಕೈಯಿಂದ ಆ ಮೌಸ್ ಕಸಿದುಕೊಳ್ಳುವ ಮುಂಚೆ ಹಿರಿಯರು ಒಂದು ದಿನ ಅವನ ಪಕ್ಕ ಕುಂತು ನೋಡಲಿ.

ಇನ್ನು ಮುಖ್ಯ ವಿಷಯ. ಹುಡುಗರು ಆಡುವುದು ಬರೀ ಮೊರೋವಿಂಡ್ ಅಲ್ಲ, ಅದರ ಮೇಲೆ ಕೂಡಿಸಿದ ಒಂದು ದೊಡ್ಡ ‘ಮಾಡ್’. ಮಾಡ್ ಅಂದರೆ ಕಂಪನಿ ಮಾಡಿದ ಗೇಮಿಗೆ ಆಡುವವರೇ ಮಾಡುವ ತಿದ್ದುಪಡಿ, ಸೇರ್ಪಡೆ. ಸಣ್ಣದಾದರೆ ಹೊಸ ಅಂಗಿ, ಹೊಸ ಕತ್ತಿ. ದೊಡ್ಡದಾದರೆ, ಟ್ರ್ಯಾಕ್ಟರ್ ಇಂಜಿನ್ ಓವರ್‌ಹಾಲ್ ಮಾಡಿಸಿದ ಹಾಗೆ, ಪೂರಾ ಬಿಚ್ಚಿ ಹೊಸದಾಗಿ ಕೂಡಿಸಿದ್ದು. ಇದರ ಹೆಸರು ಟಾಮ್ರಿಯಲ್ ರೀಬಿಲ್ಟ್.

ಇದು ಯಾಕೆ ಹುಟ್ಟಿತು ಎಂಬುದೇ ನನ್ನ ಲೇಖನದ ಜೀವ. ಮೊರೋವಿಂಡ್ ಅನ್ನುವುದು ಗೇಮಿನ ಕಥೆಯ ಪ್ರಕಾರ ಒಂದು ಇಡೀ ಪ್ರಾಂತ. ಆದರೆ ಕಂಪನಿ ಕಟ್ಟಿಕೊಟ್ಟದ್ದು ಆ ಪ್ರಾಂತದ ನಡುವಿನ ಒಂದು ದ್ವೀಪವನ್ನಷ್ಟೇ. ಆಚೆ ದಂಡೆಯ ಊರುಗಳ ಸುದ್ದಿ ಮಂದಿಯ ಮಾತಿನಲ್ಲಿ ಬರುತ್ತದೆ, ಪುಸ್ತಕಗಳಲ್ಲಿ ಬರುತ್ತದೆ, ಅಲ್ಲಿಂದ ಬಂದವರೂ ಸಿಗುತ್ತಾರೆ. ನೀವು ಈಜಿ ಹೋದರೆ ಅಲ್ಲಿ ಏನೂ ಇಲ್ಲ. ನೀರು, ನೀರು, ಮತ್ತೆ ನೀರು. ಮಾತಿನಲ್ಲಿ ಇರುವ ನೆಲ ನಕ್ಷೆಯಲ್ಲಿ ಇಲ್ಲ. ಅದೇ ಕಂಪನಿ 2011ರಲ್ಲಿ ಮಾಡಿದ ಸ್ಕೈರಿಮ್ ಎಂಬ ಗೇಮಿನಲ್ಲಿ ಗಡಿಗೆ ಹೋದರೆ ‘ಆ ಕಡೆ ಹೋಗಲಾಗದು’ ಎಂದು ಒಂದು ಸಾಲು ಮೂಡಿ ನಿಮ್ಮನ್ನು ತಡೆದು ನಿಲ್ಲಿಸುತ್ತದೆ. ಕಣ್ಣಿಗೆ ಗುಡ್ಡ ಕಾಣುತ್ತದೆ, ದಾರಿ ಕಾಣುತ್ತದೆ, ಕಾಲು ಹೋಗುವುದಿಲ್ಲ.

ಟಾಮ್ರಿಯಲ್ ರೀಬಿಲ್ಟ್ ಕಟ್ಟುವವರು ಆ ನೀರಿನ ಮೇಲೆ ನೆಲ ಎಬ್ಬಿಸಿದರು. ಗೇಮ್ ಬರುವುದಕ್ಕೂ ಮುಂಚೆಯೇ, 2001ರಲ್ಲಿ ಆ ಗುಂಪು ಕೂಡಿತ್ತು. ಮೊದಲ ದೊಡ್ಡ ತುಂಡು ಆಡಲಿಕ್ಕೆ ಸಿಕ್ಕಿದ್ದು 2006ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ತುಂಡಿಗೆ ತುಂಡು ಕೂಡುತ್ತಾ ಬಂದಿದ್ದಾರೆ. 2025ರಲ್ಲಿ ನಾರ್ಸಿಸ್ ಎಂಬ ದೊಡ್ಡ ಪಟ್ಟಣವಿರುವ ಭಾಗ ಬಂತು. ಈಗಾಗಲೇ ಅವರು ಕಟ್ಟಿದ ನೆಲ ಕಂಪನಿಯ ದ್ವೀಪಕ್ಕಿಂತ ದೊಡ್ಡದು, ಕೆಲಸ ಇನ್ನೂ ಮುಗಿದಿಲ್ಲ. ಒಬ್ಬರಿಗೂ ಸಂಬಳವಿಲ್ಲ. ಆಡುವವರಿಂದ ಒಂದು ರೂಪಾಯಿ ತಗೊಳ್ಳುವುದಿಲ್ಲ.

ಆ ನೆಲಕ್ಕೆ ಹೋಗುವುದು ಹೇಗಿರುತ್ತದೆ? ಹುಡುಗರ ಹಿಂದೆ ನಿಂತು ನಾನು ಎಷ್ಟೋ ಸಂಜೆ ನೋಡಿದ್ದೇನೆ. ದ್ವೀಪದ ದಂಡೆಯಲ್ಲಿ ದೋಣಿಯವನ ಹತ್ತಿರ ಹೋಗಿ ಕೇಳಬೇಕು. ಮೊದಲು ಅವನ ಪಟ್ಟಿಯಲ್ಲಿ ನಾಲ್ಕು ಊರಿನ ಹೆಸರಿದ್ದವು, ಈಗ ಐದನೆಯದು ಒಂದು ಬಂದಿದೆ. ಅಷ್ಟೇ ವ್ಯತ್ಯಾಸ. ಢಂಗುರ ಇಲ್ಲ, ಸ್ವಾಗತದ ಕಮಾನಿಲ್ಲ. ನಾಲ್ಕು ನಾಣ್ಯ ಕೊಟ್ಟು ದೋಣಿ ಹತ್ತಿದರೆ ಆಚೆ ದಂಡೆಯಲ್ಲಿ ಇಳಿಯುತ್ತೀರಿ. ಫೈರ್‌ವಾಚ್ ಎಂಬ ಕಲ್ಲಿನ ಕೋಟೆಯೂರು. ಅಲ್ಲಿಂದ ನಡೆದರೆ ಮನೆಯಷ್ಟು ದಪ್ಪ ಅಣಬೆಗಳನ್ನೇ ಬೆಳೆಸಿ ಗೋಪುರ ಮಾಡಿಕೊಂಡಿರುವ ಮಾಟಗಾರರ ಊರುಗಳು. ನೈಋತ್ಯಕ್ಕೆ ಹೋದರೆ ಓಲ್ಡ್ ಎಬನ್‌ಹಾರ್ಟ್ ಎಂಬ ಬಂದರು ಪಟ್ಟಣ, ಅದರ ಸಂದುಗೊಂದಿಯಲ್ಲಿ ಹುಡುಗರು ಮೂರು ದಿನ ದಾರಿ ತಪ್ಪಿದ್ದರು. ಒಂದೇ ಒತ್ತಿಗೆ ಎಲ್ಲಿ ಬೇಕಾದರೂ ಹಾರಿ ಹೋಗುವ ಸೌಕರ್ಯ ಈ ಗೇಮಿನಲ್ಲಿಲ್ಲ. ದೋಣಿ ಒಂದೂರಿಗೆ, ಅಲ್ಲಿಂದ ಬೇರೆ ಗಾಡಿ, ಆಮೇಲೆ ನಡಿಗೆ. ಹಳ್ಳಿಯಿಂದ ಆಲೂರಿಗೆ ಒಂದು ಬಸ್ಸು, ಆಲೂರಿನಲ್ಲಿ ಇಳಿದು ಬಳ್ಳಾರಿಗೆ ಇನ್ನೊಂದು ಬಸ್ಸು ಕಾಯುವ ನಮ್ಮ ಹುಡುಗರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ.

ಆದರೆ ಒಂದು ಸಂಜೆ ಅವರೊಳಗೆ ಒಬ್ಬ ಕೇಳಿದ ಪ್ರಶ್ನೆ ಹೊಸದು. ‘ಇದನ್ನ ಕಂಪನಿಯವರು ಮಾಡಿಲ್ಲ ಅಂತೀರಲ್ಲ, ಮತ್ತೆ ಇವರಿಗೆ ಪರ್ಮಿಷನ್ ಕೊಟ್ಟೋರ್ಯಾರು?’

ಹಿರಿಯರೇ, ಇಂಥ ಪ್ರಶ್ನೆ ನಮ್ಮ ಎಷ್ಟು ಪುಸ್ತಕ ಓದಿದರೆ ಹುಡುಗನ ಬಾಯಿಂದ ಬರುತ್ತಿತ್ತು? ಅಂಚು ಅನ್ನುವುದು ದೇವರು ಹಾಕಿದ್ದಲ್ಲ, ಯಾರೋ ಕುರ್ಚಿಯ ಮೇಲೆ ಕುಂತು ‘ಇಲ್ಲಿಗೆ ಸಾಕು’ ಅಂದದ್ದು ಎಂಬುದು ಅವನಿಗೆ ತಿಳಿಯಿತು. ಉತ್ತರ ಸರಳ: ಕಂಪನಿಯೇ ಗೇಮಿನ ಡಿಸ್ಕಿನ ಜೊತೆಗೆ ಕನ್‌ಸ್ಟ್ರಕ್ಷನ್ ಸೆಟ್ ಎಂಬ ಸಲಕರಣೆ ಕೊಟ್ಟಿತ್ತು. ನೆಲ ಏರಿಸು, ಹೊಳೆ ತಗ್ಗಿಸು, ಮನೆ ನಿಲ್ಲಿಸು, ಮನುಷ್ಯನನ್ನು ಇಡು, ಅವನ ಬಾಯಿಗೆ ಮಾತು ಹಾಕು. ಎಲ್ಲರಿಗೂ ಸಿಕ್ಕ ಸಲಕರಣೆ. ಕೆಲವರು ಅದನ್ನು ಎತ್ತಿಕೊಂಡರು.

ನಮಗೆ ಅಂಚಿನ ಸಂಗತಿ ತಿಳಿಯದ್ದೇ? 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈಚೆಗೆ ಬಂದವು, ಉಳಿದವು ಮೈಸೂರಿಗೆ ಹೋದವು. ಬಳ್ಳಾರಿ ತಾಲೂಕಿನ ವ್ಯಾಜ್ಯಕ್ಕೆ ನ್ಯಾಯಮೂರ್ತಿ ಮಿಶ್ರಾ ಆಯೋಗವೇ ಬರಬೇಕಾಯಿತು. ಅಂದಿನಿಂದ ಎರಡು ನಕ್ಷೆಗಳ ಅಂಚಿನಲ್ಲಿ ನಾವಿದ್ದೇವೆ. ಕರ್ನಾಟಕದ ನಕ್ಷೆ ತೆಗೆಯಿರಿ, ಹಗರಿ ದಾಟಿ ಸ್ವಲ್ಪ ಮುಂದೆ ಬಣ್ಣ ಮುಗಿಯುತ್ತದೆ. ಆಮೇಲೆ ಬಿಳಿ ಕಾಗದ. ಆಂಧ್ರದ ನಕ್ಷೆ ತೆಗೆಯಿರಿ, ಹಾಲಹರವಿ ದಾಟಿದರೆ ಬಣ್ಣ ಮುಗಿಯುತ್ತದೆ. ಆಮೇಲೆ ಬಿಳಿ ಕಾಗದ. ಹೆಣ್ಣು ಕೊಟ್ಟ ಊರು, ತಂದ ಊರು, ಆಸ್ಪತ್ರೆಗೆ ಓಡುವ ಊರು, ಜಾತ್ರೆಗೆ ಹೋಗುವ ಊರು ಎಲ್ಲಾ ಆ ಬಿಳಿ ಕಾಗದದಲ್ಲಿ ಐತಿ. ಮಾತಿನಲ್ಲಿ ಇರುವ ನೆಲ, ನಕ್ಷೆಯಲ್ಲಿ ಇಲ್ಲದ ನೆಲ. ಎಪ್ಪತ್ತು ವರ್ಷದಿಂದ ನಾವು ಮಾಡಿದ್ದು ಏನು? ಅರ್ಜಿ ಬರೆದೆವು. ನವೆಂಬರಿನಲ್ಲಿ ಯಾರೋ ಬಂದು ಶಾಲು ಹೊದಿಸಿದರೆ ಹೊದಿಸಿಕೊಂಡೆವು. ಇದು ತೆಲುಗಿನ ಮೇಲಿನ ದೂರಲ್ಲ, ಒಂದೇ ಅಡುಗೆಮನೆಯಲ್ಲಿ ಎರಡೂ ಭಾಷೆ ಆಡುವ ಮಂದಿ ನಾವು. ಯಾರೋ ಬಂದು ನಮ್ಮ ನಕ್ಷೆ ತುಂಬಿಕೊಡಲಿ ಎಂದು ಬಾಯಿ ತೆರೆದು ಕುಂತದ್ದರ ಮೇಲಿನ ದೂರು.

ಹೆಸರುಗಳನ್ನೇ ನೋಡಿ. ಆದೋನಿ ಹತ್ತಿರ ಒಂದು ಊರಿದೆ, ಸಂತೆಕೂಡ್ಲೂರು. ಹೋಳಿಗೆ ಗಂಡಸರು ಸೀರೆ ಉಟ್ಟು ರತಿ ಮನ್ಮಥರ ಪೂಜೆ ಮಾಡುವ ಊರೆಂದು ಪೇಪರಿನಲ್ಲಿ ಆಗಾಗ ಫೋಟೋ ಬರುತ್ತದೆ. ಫೋಟೋ ನೋಡಿ ನಗುವವರಿಗೆ ಆ ಹೆಸರಿನೊಳಗೆ ಒಂದು ಸಂತೆ ಕೂಡುತ್ತಿರುವುದು ಕೇಳುವುದಿಲ್ಲ. ಬೋರ್ಡಿನ ಮೇಲೆ ಪೆದ್ದ ತುಂಬಳಂ, ನಮ್ಮ ಮನೆಯ ಅಜ್ಜಿಯ ಬಾಯಲ್ಲಿ ಹಿರೇತುಂಬಳ. ಹತ್ತಿಬೆಳಗಲ್ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಫೋನಿನ ನಕ್ಷೆಗೆ ಓದಿಸಿ ನೋಡಿ, ಅದು ಯಾವ ದೇಶದ ಊರೋ ಅನ್ನಿಸುತ್ತದೆ. ಈ ಅಜ್ಜಿಯರು ಇನ್ನು ಎಷ್ಟು ವರ್ಷ ಇರುತ್ತಾರೆ?

ಈಗ ಆ ಗೇಮಿನವರು ಕೆಲಸ ಮಾಡುವ ರೀತಿ ಕೇಳಿ, ಹಿರಿಯರು ಇದನ್ನು ತಪ್ಪದೆ ಕೇಳಬೇಕು. ಅಲ್ಲಿ ನೆಲವನ್ನು ತುಂಡು ತುಂಡು ಮಾಡಿಕೊಂಡಿದ್ದಾರೆ. ಒಂದೊಂದು ತುಂಡಿಗೆ ‘ಕ್ಲೇಮ್’ ಅನ್ನುತ್ತಾರೆ. ಒಂದು ಕ್ಲೇಮ್ ಅಂದರೆ ಒಂದು ಕಣಿವೆ ಇರಬಹುದು, ಒಂದು ಮನೆಯ ಒಳಗಿನ ಕೋಣೆ ಇರಬಹುದು. ಹೊಸದಾಗಿ ಬಂದವನಿಗೆ ಏಕಾಏಕಿ ಊರು ಕಟ್ಟಲು ಬಿಡುವುದಿಲ್ಲ. ಮೊದಲು ಸಣ್ಣದೊಂದು ಮಾಡಿ ತೋರಿಸಬೇಕು. ಮಾಡಿದ್ದನ್ನು ಇನ್ನೊಬ್ಬ ಬಂದು ಪರೀಕ್ಷೆ ಮಾಡುತ್ತಾನೆ. ಕುರ್ಚಿ ಗಾಳಿಯಲ್ಲಿ ತೇಲುತ್ತಿದೆಯೇ, ಬಂಡೆಯ ಕೆಳಗೆ ಸಂದು ಬಿಟ್ಟಿದೆಯೇ, ಬಡವನ ಮನೆಯಲ್ಲಿ ಬೆಳ್ಳಿ ತಟ್ಟೆ ಯಾಕಿದೆ. ತಪ್ಪು ತಿದ್ದಿದ ಮೇಲೆಯೇ ಅದು ದೊಡ್ಡ ನೆಲಕ್ಕೆ ಕೂಡುತ್ತದೆ. ಇಷ್ಟೇ ಅಲ್ಲ. ಹಿಂದಿನವರು ಮಾಡಿದ್ದು ಈಗಿನ ಅಳತೆಗೆ ಸಾಲದು ಅನ್ನಿಸಿದರೆ ಮುಲಾಜಿಲ್ಲದೆ ಕಿತ್ತು ಹೊಸದಾಗಿ ಕಟ್ಟುತ್ತಾರೆ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಮಂದಿ ಬಂದರು, ಹೋದರು. ಓದು, ನೌಕರಿ, ಮದುವೆ ಎಂದು ಬಿಟ್ಟರು. ತುಂಡು ಮಾತ್ರ ಬೀಳು ಬೀಳಲಿಲ್ಲ, ಇನ್ನೊಬ್ಬ ಎತ್ತಿಕೊಂಡ.

ನಮ್ಮ ಭಾಷೆಯಲ್ಲಿ ಇದಕ್ಕೆ ಮುಯ್ಯಾಳು ಅನ್ನುವ ಶಬ್ದವಿತ್ತು. ನಿನ್ನ ಹೊಲಕ್ಕೆ ನಾನು, ನನ್ನ ಹೊಲಕ್ಕೆ ನೀನು. ಶಬ್ದ ಇನ್ನೂ ಇದೆ, ಕೆಲಸ ಎಲ್ಲಿದೆ ಅಂತ ಹುಡುಕಿದರೆ ಈ ಗೇಮಿನಲ್ಲಿ ಸಿಗುತ್ತದೆ. ನಮ್ಮಲ್ಲಿ ಒಂದು ಸ್ಮರಣ ಸಂಚಿಕೆ ತರಲು ಕೂಡಿದ ಸಮಿತಿ ಮುಖಪುಟದಲ್ಲಿ ಯಾರ ಫೋಟೋ ಬರಬೇಕು ಎಂಬ ಜಗಳದಲ್ಲೇ ಒಡೆದುಹೋದದ್ದನ್ನು ಓದುಗರು ಮರೆತಿರಲಿಕ್ಕಿಲ್ಲ.

‘ಇಲ್ಲದ ಲೋಕದಾಗ ಅಡ್ಡಾಡಿ ಏನು ಬಂತು?’ ಎಂದು ಒಬ್ಬರು ಕೇಳಿದರು. ಬಯಲಾಟದ ಮುಂದೆ ರಾತ್ರಿಯಿಡೀ ಕುಂತು ಬೆಳಗಿನ ಜಾವ ಪಾತಾಳಲೋಕದಿಂದ ಮನೆಗೆ ನಡೆದು ಬರುತ್ತಿದ್ದವರು ಅವರು. ವ್ಯಾಸರು ಬರೆಯದ ಪ್ರಸಂಗಗಳನ್ನು ನಮ್ಮ ಕಡೆಯ ಆಟದ ಮಾಸ್ತರರು ಕಟ್ಟಲಿಲ್ಲವೇ? ದೊಡ್ಡ ಕಥೆಯ ಅಂಚಿನಲ್ಲಿ ಖಾಲಿ ಕಂಡ ಜಾಗದಲ್ಲಿ ಹೊಸ ಊರು, ಹೊಸ ರಾಕ್ಷಸ, ಹೊಸ ಮದುವೆ ತಂದು ಕೂಡಿಸಿದರು. ಅದನ್ನು ಕಲೆ ಅಂದೆವು. ಹುಡುಗರ ಆಟ ಮಾತ್ರ ಕಾಲಹರಣವೇ?

‘ಹೊಡೆದಾಟ ಕಲೀತಾರ’ ಎಂಬುದು ಇನ್ನೊಂದು ತಕರಾರು. ಗೇಮಿನಲ್ಲಿ ಕತ್ತಿ ಇದೆ, ಹೌದು. ದೇವರಗಟ್ಟಿನ ಗುಡ್ಡದಲ್ಲಿ ವಿಜಯದಶಮಿ ರಾತ್ರಿ ಬನ್ನಿ ಆಟಕ್ಕೆ ಮಾಳ ಮಲ್ಲೇಶ್ವರನ ಮೂರ್ತಿಗಾಗಿ ಬಡಿಗೆ ಹಿಡಿದು ನಿಲ್ಲುವ ಸೀಮೆಯವರು ನಾವು. ವರ್ಷ ವರ್ಷ ತಲೆ ಒಡೆಯುತ್ತವೆ, ಪೊಲೀಸರು ಬೇಡವೆಂದರೂ ನಿಲ್ಲುವುದಿಲ್ಲ. ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಅದನ್ನು ತೋರಿಸುವವರಿಗೆ ಗೇಮಿನ ಕತ್ತಿಯ ಚಿಂತೆ ಯಾಕೋ ತಿಳಿಯದು. ಮತ್ತೆ, ಸಭೆಯಲ್ಲಿ ಗೇಮಿನ ವಿರುದ್ಧ ಮಾತಾಡುವ ನಡುವೆಯೇ ಫೋನ್ ತೆಗೆದು ರೀಲ್ಸ್ ಮೇಲೆ ಬೆರಳು ಸರಿಸುತ್ತಿದ್ದ ಹಿರಿಯರನ್ನು ನಾನು ಎಣಿಸಿದ್ದೇನೆ. ಸಂಖ್ಯೆ ಹೇಳುವುದಿಲ್ಲ.

ಕನ್ನಡದ ವಿಷಯ ಎತ್ತಿದವರ ಮಾತು ಮಾತ್ರ ತೂಕದ್ದು. ಗೇಮೆಲ್ಲ ಇಂಗ್ಲಿಷ್, ಇದರಿಂದ ಕನ್ನಡಕ್ಕೆ ಏನು ಬಂತು? ನಿಜ, ಆ ಹಳೇ ಗೇಮಿಗೆ ಕನ್ನಡ ಅಕ್ಷರ ಗೊತ್ತಿಲ್ಲ. ಒತ್ತು, ದೀರ್ಘ ಕೂಡಿಸುವುದು ಈಗಿನ ಎಷ್ಟೋ ಹೊಸ ಗೇಮುಗಳಿಗೂ ಸರಿಯಾಗಿ ಬರುವುದಿಲ್ಲ. ಆದರೆ ಅಕ್ಷರವನ್ನು ಚಿತ್ರವಾಗಿ ಬರೆದು ಹಚ್ಚಿದರೆ ಯಾವ ಗೇಮೂ ಬೇಡ ಅನ್ನುವುದಿಲ್ಲ. ನಮ್ಮ ಹುಡುಗರು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಾರೆ.

ಎಲ್ಲಿ ಅಂದಿರಾ? ಬಸ್ ಸಿಮ್ಯುಲೇಟರ್ ಇಂಡೊನೇಷಿಯಾದಲ್ಲಿ. 2017ರಲ್ಲಿ ಬಂದ ಫೋನ್ ಗೇಮ್ ಇದು, ಮಲಿಯೋ ಎಂಬ ಇಂಡೊನೇಷಿಯಾದ ಕಂಪನಿಯದು. ನಮ್ಮೂರಲ್ಲಿ ಫೋನಿರುವ ಹುಡುಗರಲ್ಲಿ ಇದನ್ನು ಆಡದವನನ್ನು ಹುಡುಕಬೇಕು. ಆಡುವವರೇ ಬಣ್ಣ ಬಳಿದ, ಆಡುವವರೇ ಮಾಡಿದ ಬಸ್ಸುಗಳನ್ನು ಕೂಡಿಸಲು ಆ ಕಂಪನಿಯೇ ಬಾಗಿಲು ತೆರೆದಿಟ್ಟಿದೆ. ಹೀಗಾಗಿ ಕರ್ನಾಟಕ ಸಾರಿಗೆಯ ಐರಾವತ, ಆಂಧ್ರದ ಪಲ್ಲೆವೆಲುಗು, ಎಲ್ಲಾ ಜಾವಾ ದ್ವೀಪದ ರಸ್ತೆಯಲ್ಲಿ ಓಡುತ್ತವೆ. ಬಣ್ಣಕ್ಕೆ ಅವರು ‘ಲಿವರಿ’ ಅನ್ನುತ್ತಾರೆ: ಬಸ್ಸಿನ ಮೈಯನ್ನು ಬಿಡಿಸಿ ಹಾಸಿದಂಥ ಒಂದು ಚಿತ್ರ, ಅದರ ಮೇಲೆ ಫೋನಿನಲ್ಲೇ ಬಣ್ಣ ತುಂಬಿ, ಅಕ್ಷರ ಬರೆದು ಹಾಕಬೇಕು. ಕನ್ನಡದ ಪೇಪರಿನಲ್ಲಿ ಅಂಚಿನಲ್ಲಿ ಪಾಸಾದ ಹುಡುಗನೊಬ್ಬ ‘ಆದೋನಿ – ಆಲೂರು – ಬಳ್ಳಾರಿ’ ಎಂದು ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ, ಒಂದು ಒತ್ತಕ್ಷರವೂ ತಪ್ಪದಂತೆ ಬರೆದು ಬೋರ್ಡು ಕಟ್ಟಿದ್ದಾನೆ. ‘ಳ್ಳ’ ಮೂರು ಸಲ ಕೆಟ್ಟಿತಂತೆ, ನಾಲ್ಕನೇ ಸಲ ಕೂತಿತು. ಆ ಬಸ್ಸಿನ ಹಾರ್ನ್ ಮಾತ್ರ ಇಂಡೊನೇಷಿಯಾದ ತೆಲೋಲೆತ್ ಹಾಡು, ಅದನ್ನು ಬದಲಾಯಿಸಲು ಅವನಿಗೆ ಮನಸ್ಸಿಲ್ಲ, ನನಗೂ ಇಲ್ಲ.

ಹಿರಿಯರಿಗೆ ಇಷ್ಟು ಹೇಳಿದ ಮೇಲೆ ಹುಡುಗರಿಗೂ ಸ್ವಲ್ಪ ಬಡಿಸಬೇಕು. ತಮ್ಮಾ, ನಿಮ್ಮನ್ನು ಹೊಗಳಿದೆ ಅಂತ ಉಬ್ಬಬ್ಯಾಡ್ರಿ. ಬೇರೆಯವರು ಇಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿದ ನೆಲದಲ್ಲಿ ಅಡ್ಡಾಡುವುದು ಸುಲಭ. ಡೌನ್‌ಲೋಡ್ ಮಾಡೋದೇ ದೊಡ್ಡ ವಿದ್ಯೆ ಅಂದುಕೊಂಡಿದ್ದೀರಿ. ಇನ್ನೊಬ್ಬ ಮಾಡಿದ ಬಸ್ಸಿನ ಮೇಲಿಂದ ಅವನ ಹೆಸರು ಅಳಿಸಿ ತನ್ನ ಹೆಸರು ಹಾಕಿ ವಾಟ್ಸಾಪ್ ಗುಂಪಿಗೆ ಬಿಡುವ ಚಾಳಿ ನಿಮ್ಮಲ್ಲಿ ಕೆಲವರಿಗೆ ಐತಿ. ಹೊಲದ ಬದು ಒತ್ತುವವನಿಗೂ ನಿಮಗೂ ಏನು ಫರಕು? ಜಾವಾದ ಟೋಲ್‌ಗೇಟ್ ಎಲ್ಲೆಲ್ಲಿ ಐತಿ ಅಂತ ಕಣ್ಣು ಮುಚ್ಚಿ ಹೇಳುತ್ತೀರಿ. ಆದೋನಿ ಕೋಟೆಯ ಗುಡ್ಡ ಎಷ್ಟು ಮಂದಿ ಹತ್ತಿದ್ದೀರಿ? ಇಡೀ ಕೋಟೆ ಒಂದು ಗೇಮಿನ ಹಾಗೆ ಬಾಗಿಲು, ಬುರುಜು, ಬಂಡೆ, ಕೆರೆ ಇಟ್ಟುಕೊಂಡು ಕುಂತೈತಿ. ಪತ್ತಿಕೊಂಡದ ಕಡೆ ರಾಜುಲಮಂಡಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆ ಐತಿ, ಎರ್ರಗುಡಿಯಲ್ಲಿ ಇನ್ನೊಂದು. ಗೇಮಿನ ಗವಿಯೊಳಗೆ ಯಾರೋ ಬರೆದಿಟ್ಟ ಚೀಟಿ ಹುಡುಕಲು ಒಂದು ತಾಸು ಕಳೆಯುವವರು, ಇಪ್ಪತ್ತೆರಡು ಶತಮಾನದ ಹಿಂದಿನ ಚೀಟಿ ಓದಲು ಒಂದು ದಿನ ಬಸ್ಸು ಹತ್ತಲಾರಿರಾ?

ಆದ್ದರಿಂದ ನನ್ನ ಬೇಡಿಕೆ ಎರಡೂ ಕಡೆಯವರ ಮುಂದೆ ಇಡುತ್ತೇನೆ. ಗೇಮ್ ಕಂಪ್ಯೂಟರಿನಲ್ಲಿ ಇರಲಿ. ಸಂಜೆ ಆರರಿಂದ ಎಂಟು, ಪರೀಕ್ಷೆಯ ತಿಂಗಳಲ್ಲಿ ಬಂದ್. ಕರೆಂಟು ಬಿಲ್ಲಿನಲ್ಲಿ ಆ ಎರಡು ತಾಸಿನ ಪಾಲು ನಾನು ಕಟ್ಟುತ್ತೇನೆ, ಆ ಮಾತು ಇನ್ನು ಸಭೆಯಲ್ಲಿ ಎತ್ತಬಾರದು. ಆಡಿದವನು ಶನಿವಾರ ಎದ್ದು ನಿಂತು, ಆ ವಾರ ಎಲ್ಲಿಗೆ ಹೋದ, ಯಾರು ಸಿಕ್ಕರು, ಏನಂದರು ಎಂದು ಹತ್ತು ನಿಮಿಷ ಕನ್ನಡದಲ್ಲಿ ಹೇಳಬೇಕು. ಹೇಳಲಾರದವನಿ‌ಗೆ ಮುಂದಿನ ವಾರ ಕುರ್ಚಿ ಇಲ್ಲ. ಇದು ಹಿರಿಯರಿಗೂ ಬಯಲಾಟದಷ್ಟೇ ರುಚಿಸೀತು ಎಂಬ ಗುಮಾನಿ ನನ್ನದು.

ಮತ್ತೆ ಕ್ಲೇಮ್ ಹಂಚೋಣ, ನಮ್ಮ ನೆಲದ್ದು. ಓಪನ್ ಸ್ಟ್ರೀಟ್ ಮ್ಯಾಪ್ ಎಂಬುದೊಂದಿದೆ, 2004ರಿಂದ ಲೋಕದ ಮಂದಿಯೇ ತುಂಬುತ್ತಾ ಬಂದಿರುವ ನಕ್ಷೆ. ಯಾರು ಬೇಕಾದರೂ ತಿದ್ದಬಹುದು, ಫೋನಿನಲ್ಲೇ ಮಾಡಬಹುದು, ದುಡ್ಡಿಲ್ಲ. ಒಂದು ಊರಿಗೆ ತೆಲುಗು ಹೆಸರಿಗೆ ಒಂದು ಖಾನೆ, ಕನ್ನಡ ಹೆಸರಿಗೆ ಇನ್ನೊಂದು ಖಾನೆ. ಒಂದನ್ನು ಬರೆಯಲು ಇನ್ನೊಂದನ್ನು ಅಳಿಸಬೇಕಿಲ್ಲ, ಜಗಳವಿಲ್ಲ. ಅಜ್ಜಿಯರ ಹತ್ತಿರ ಕುಂತು ಹೆಸರು ಕೇಳುವುದು, ಹಳ್ಳದ ಹೆಸರು, ದಿಣ್ಣೆಯ ಹೆಸರು, ನೀರಿಲ್ಲದ ಬಾವಿಯ ಹೆಸರು. ಒಬ್ಬ ಬರೆದದ್ದನ್ನು ಇನ್ನೊಬ್ಬ ಮತ್ತೊಬ್ಬ ಅಜ್ಜಿಯ ಹತ್ತಿರ ಹೋಗಿ ಕೇಳಿ ಸರಿ ನೋಡುವುದು. ಆಮೇಲೆ ನಕ್ಷೆಗೆ ಕೂಡಿಸುವುದು. ಇಲ್ಲಿ ಹಿರಿಯರಿಲ್ಲದೆ ಹುಡುಗರಿಗೆ ನಡೆಯುವುದಿಲ್ಲ. ಹುಡುಗರಿಲ್ಲದೆ ಹಿರಿಯರಿಗೂ ನಡೆಯುವುದಿಲ್ಲ, ಆ ಚಿಕ್ಕ ಖಾನೆಯಲ್ಲಿ ‘ಳ್ಳ’ ಕೂಡಿಸಲು ನಮ್ಮ ಬೆರಳಿಗೆ ಬಾರದು.

ಕನ್‌ಸ್ಟ್ರಕ್ಷನ್ ಸೆಟ್ಟಿನಲ್ಲಿ ಊರ ಹಳೇ ಬಾವಿಯನ್ನು ಮೆಟ್ಟಿಲು ಸಮೇತ ಕಟ್ಟುತ್ತೇನೆ ಎಂದು ಒಬ್ಬ ಹೇಳಿದ್ದಾನೆ. ಕಟ್ಟಲಿ. ಮೆಟ್ಟಿಲು ಎಷ್ಟು ಎಂದು ಎಣಿಸಲು ಮೊದಲು ಅದರೊಳಗಿನ ಮುಳ್ಳುಕಂಟಿ ಕಡಿಯಬೇಕು ಅಂದೆ. ಮುಂದಿನ ಭಾನುವಾರದ ಸಭೆಗೆ ಈ ವಿಷಯ ಬರೆದು ಕೊಟ್ಟಿದ್ದೇನೆ. ಆಲೂರಿನಿಂದ ಹಾಲಹರವಿ ತನಕ ರಸ್ತೆಯ ಎಡಗಡೆ ಊರುಗಳಿಗೆ ಇಬ್ಬರು ಹುಡುಗರು ಹೆಸರು ಕೊಟ್ಟಿದ್ದಾರೆ. ಬಲಗಡೆ ಇನ್ನೂ ಖಾಲಿ ಐತಿ, ಕುಡಗೋಲು ಇರುವವರು ಭಾನುವಾರ ಅದನ್ನೂ ತರಬೇಕು.